ಪರ್ವತಾರೋಹಿಯ ಕೊಂಡಿ

ಕೊರಳಿಗೆ ಸರ ತೊಡುವವರೆಲ್ಲರೂ ದಿನವೂ ಒಂದು ಯಂತ್ರವನ್ನು ಬಳಸುತ್ತಾರೆ. ಆದರೆ ಅದನ್ನು ಯಂತ್ರವೆಂದು ಯಾರೂ ಎಣಿಸುವುದಿಲ್ಲ. ಸರದ ತುದಿಯಲ್ಲಿರುವ ಪುಟ್ಟ ಕೊಂಡಿಯೇ ಆ ಯಂತ್ರ. ಉಗುರಿನಿಂದ ಅದರ ಸಣ್ಣ ಕದವನ್ನು ಒತ್ತಿದರೆ ಬಾಯಿ ತೆರೆಯುತ್ತದೆ. ಎದುರಿನ ಉಂಗುರವನ್ನು ಒಳಕ್ಕೆ ತೂರಿಸಿ ಉಗುರನ್ನು ತೆಗೆದೊಡನೆ ಒಳಗಿನ ಸ್ಪ್ರಿಂಗು ಕದವನ್ನು ತಾನಾಗಿಯೇ ಮುಚ್ಚುತ್ತದೆ. ತೆರೆಯಲು ನಮ್ಮ ಪ್ರಯತ್ನ ಬೇಕು, ಮುಚ್ಚಲು ಬೇಡ. ನಾಯಿಯ ಕೊರಳಪಟ್ಟಿ, ಶಾಲೆಯ ಚೀಲ, ಗುರುತಿನ ಚೀಟಿಯ ದಾರ, ಬೀಗದ ಕೈಗಳ ಗೊಂಚಲು ಮುಂತಾದ ಎಲ್ಲೆಡೆಗಳಲ್ಲಿಯೂ ಕಾಣಬರುವ ಲೋಹದ ಕೊಂಡಿಗಳ ಮರ್ಮ ಇಷ್ಟೆ.

ಕೆಲವು ತಿಂಗಳ ಹಿಂದೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಬೀಗದ ಕೈಗಳ ಗೊಂಚಲನ್ನು ತಂದು ಮೇಜಿನ ಮೇಲಿಟ್ಟನು. “ಸರ್, ಮುಂದಿನ ವಾರ ನಾವು ಕೆಲವರು ರಾಮನಗರದ ಬೆಟ್ಟಕ್ಕೆ ಹೋಗುತ್ತಿದ್ದೇವೆ. ಬಂಡೆ ಹತ್ತುವವರು ಹಗ್ಗಕ್ಕೆ ಹಾಕುವುದು ಇದನ್ನೇ ಅಲ್ಲವೆ? ಇಂಥವು ನಾಲ್ಕು ಇದ್ದರೆ ಸಾಕೆ?” ಎಂಬುದು ಅವನ ಪ್ರಶ್ನೆ. ಗೊಂಚಲಿಗೆ ಸಿಕ್ಕಿಸಿದ್ದ ನೀಲಿಬಣ್ಣದ ಕೊಂಡಿಯು ನೋಟಕ್ಕೆ ಪರ್ವತಾರೋಹಿಗಳ ಕೊಂಡಿಯಂತೆಯೇ ಇದ್ದಿತು. ಅದೇ ಆಕಾರ, ಅದೇ ಕದ, ಅದೇ ಹೊಳಪು. ಅವನಿಗೆ ಅಂದು ನಾವು ಕೊಟ್ಟ ಉತ್ತರ ಒಂದೇ ಮಾತಿನದು: ಬೇಡ. ಏಕೆ ಬೇಡವೆಂಬುದನ್ನು ವಿವರಿಸಲು ಒಂದು ಮಾತು ಸಾಲದು. ಭೌತಶಾಸ್ತ್ರದ ಹಲವು ಅಧ್ಯಾಯಗಳನ್ನು ಅದಕ್ಕಾಗಿ ತಿರುವಿಹಾಕಬೇಕಾಗುತ್ತದೆ.

ಪರ್ವತಾರೋಹಿಯ ಕೊಂಡಿಗೆ ಕ್ಯಾರಬಿನರ್ ಎಂದು ಹೆಸರು. ಈ ಹೆಸರು ಬಂದುದು ಜರ್ಮನ್ ಭಾಷೆಯಿಂದ. ಕುದುರೆ ಸವಾರರಾದ ಸೈನಿಕರು ಕಾರ್ಬೈನ್ ಎಂಬ ಗಿಡ್ಡ ಬಂದೂಕವನ್ನು ಹೆಗಲಿನ ಪಟ್ಟಿಗೆ ಒಂದು ಸ್ಪ್ರಿಂಗಿನ ಕೊಕ್ಕೆಯಿಂದ ತೂಗುಹಾಕಿಕೊಳ್ಳುತ್ತಿದ್ದರು. ಆ ಕೊಕ್ಕೆಯನ್ನು ಜರ್ಮನರು ‘ಕಾರಬೀನರ್‌ಹಾಕೆನ್’ ಎಂದು ಕರೆದರು. ಬಂದೂಕಗಳು ಹೋಗಿ ಕೊಕ್ಕೆಯ ಹೆಸರು ಉಳಿಯಿತು.

ಇದು ಬಂಡೆಯ ಮೇಲಕ್ಕೆ ಏರಿದುದು 1910ರ ಸುಮಾರಿಗೆ. ಅದಕ್ಕೂ ಹಿಂದೆ ಆಲ್ಪ್ಸ್ ಪರ್ವತಗಳಲ್ಲಿ ಕಡಿದಾದ ಬಂಡೆಯನ್ನು ಹತ್ತುವವರು ಬಿರುಕುಗಳಲ್ಲಿ ಕಬ್ಬಿಣದ ಗೂಟಗಳನ್ನು ಹೊಡೆದು, ಗೂಟದ ಕಣ್ಣಿನೊಳಗೆ ಹಗ್ಗವನ್ನು ತೂರಿಸಬೇಕಾಗಿತ್ತು. ಹಗ್ಗದ ತುದಿಯಾದರೋ ಸೊಂಟಕ್ಕೆ ಕಟ್ಟಿದ್ದು! ಆದುದರಿಂದ ಒಂದು ಕೈಯಲ್ಲಿ ಬಂಡೆಯನ್ನು ಅವಚಿಕೊಂಡು, ಇನ್ನೊಂದು ಕೈಯಲ್ಲಿ ಸೊಂಟದ ಗಂಟನ್ನು ಬಿಚ್ಚಿ, ತುದಿಯನ್ನು ಗೂಟದ ಕಣ್ಣಿನಲ್ಲಿ ಪೋಣಿಸಿ, ಮತ್ತೆ ಗಂಟು ಹಾಕಿಕೊಳ್ಳಬೇಕು. ಇಲ್ಲವೆ ಒಂದು ತುಂಡು ದಾರದಿಂದ ಹಗ್ಗವನ್ನು ಗೂಟಕ್ಕೆ ಬಿಗಿಯಬೇಕು. ರಕ್ಷಣೆಗಾಗಿ ಮಾಡುವ ಕೆಲಸವೇ ಎಲ್ಲಕ್ಕಿಂತ ಅಪಾಯಕರವಾದ ಗಳಿಗೆ! ಮ್ಯೂನಿಕ್ ನಗರದ ಓಟೊ ಹರ್ಜೋಗ್ ಎಂಬ ಆರೋಹಿಯು ಬೆಂಕಿ ಆರಿಸುವ ದಳದವರ ಸೊಂಟಪಟ್ಟಿಯಲ್ಲಿದ್ದ ಸ್ಪ್ರಿಂಗಿನ ಕೊಂಡಿಯನ್ನು ಕಂಡು, ಅದನ್ನೇ ಗೂಟಕ್ಕೂ ಹಗ್ಗಕ್ಕೂ ನಡುವೆ ಸಿಕ್ಕಿಸಬಹುದೆಂದು ಯೋಚಿಸಿದನೆಂದು ಹೇಳುತ್ತಾರೆ. ಅಂದಿನಿಂದ ಹಗ್ಗವನ್ನು ಬಿಚ್ಚುವ ಅಗತ್ಯ ತಪ್ಪಿತು. ಕೊಂಡಿಯ ಒಂದು ಭಾಗ ಗೂಟದ ಕಣ್ಣಿಗೆ, ಇನ್ನೊಂದು ಭಾಗಕ್ಕೆ ಹಗ್ಗ, ‘ಟಕ್’ ಎಂಬ ಒಂದು ಸದ್ದು, ಕೆಲಸ ಮುಗಿಯಿತು.

ಇಂದೂ ಈ ಕ್ರಮ ಬದಲಾಗಿಲ್ಲ. ರಾಮನಗರದ ಕಣಶಿಲೆಯ ಗುಡ್ಡಗಳಲ್ಲಾಗಲಿ, ಬಾದಾಮಿಯ ಕೆಂಪು ಮರಳುಕಲ್ಲಿನ ಗೋಡೆಗಳಲ್ಲಾಗಲಿ ಆರೋಹಿಗಳನ್ನು ನೋಡಿದವರಿಗೆ ಅದರ ಪರಿಚಯವಿದ್ದೀತು. ಮುಂದಾಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏರುತ್ತಾನೆ. ಕೆಳಗೆ ನಿಂತ ಸಂಗಾತಿಯು ಹಗ್ಗವನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಿರುತ್ತಾನೆ. ಬಂಡೆಯಲ್ಲಿ ಆಗಾಗ್ಗೆ ಸಿಗುವ ನೆಲೆಗಳಿಗೆ ಕೊಂಡಿಗಳನ್ನು ಸಿಕ್ಕಿಸಿ ಮುಂದಾಳು ಅವುಗಳೊಳಗೆ ಹಗ್ಗವನ್ನು ಹಾಯಿಸುತ್ತ ಹೋಗುತ್ತಾನೆ. ಹಗ್ಗ ಅವನನ್ನು ಮೇಲಕ್ಕೆ ಎಳೆಯುವುದಿಲ್ಲ. ಜಾರಿದರೆ ಮಾತ್ರ ಅದರ ಕೆಲಸ.

ಜಾರಿದರೆ ಏನಾಗುವುದೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಮುಂದಾಳಿನ ತೂಕ 80 ಕಿಲೋಗ್ರಾಂ. ಕಟ್ಟಕಡೆಯ ಕೊಂಡಿ ಸಂಗಾತಿಯಿಂದ 8 ಮೀಟರ್ ಮೇಲಿದೆ. ಮುಂದಾಳು ಅದಕ್ಕೂ 2 ಮೀಟರ್ ಮೇಲೇರಿದ್ದಾನೆ. ಆಗ ಬಳಕೆಯಲ್ಲಿರುವ ಹಗ್ಗದ ಉದ್ದ 10 ಮೀಟರ್. ಕೈ ಜಾರಿದರೆ ಅವನು ಕೊಂಡಿಯವರೆಗೆ 2 ಮೀಟರ್, ಅದರ ಕೆಳಕ್ಕೆ ಮತ್ತೆ 2 ಮೀಟರ್, ಒಟ್ಟು 4 ಮೀಟರ್ ಬಿದ್ದ ಮೇಲಷ್ಟೆ ಹಗ್ಗ ಬಿಗಿಯಾಗುತ್ತದೆ. ಆ ಹೊತ್ತಿಗೆ ಅವನ ವೇಗ ಗಂಟೆಗೆ ಸುಮಾರು 32 ಕಿಲೋಮೀಟರ್.

ಬಿದ್ದ ದೇಹದ ಚಲನಶಕ್ತಿಯನ್ನು ಈಗ ಯಾವುದಾದರೂ ನುಂಗಬೇಕು. ಅದನ್ನು ನುಂಗುವುದು ಹಗ್ಗ. ಬಾವಿಯಿಂದ ನೀರು ಸೇದುವ ಹಗ್ಗಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ನೀರಿನ ಹಗ್ಗ ಹಿಗ್ಗಬಾರದು; ಆರೋಹಿಯ ನೈಲಾನ್ ಹಗ್ಗ ಹಿಗ್ಗಲೇಬೇಕು. ಸಾಮಾನ್ಯವಾದ ಒಂದು ಆರೋಹಣದ ಹಗ್ಗವನ್ನು ಅದರ ಉದ್ದದ ನೂರರಲ್ಲೊಂದು ಪಾಲು ಹಿಗ್ಗಿಸಲು ಸುಮಾರು 240 ನ್ಯೂಟನ್ ಬಲ ಬೇಕೆಂದು ಇಟ್ಟುಕೊಳ್ಳೋಣ. ಹಗ್ಗವು ಸ್ಪ್ರಿಂಗಿನಂತೆ ವರ್ತಿಸುತ್ತದೆಂದೂ ಭಾವಿಸೋಣ. ಲೆಕ್ಕ ಹಾಕಿದರೆ ನಮ್ಮ ಉದಾಹರಣೆಯಲ್ಲಿ ಹಗ್ಗವು ಸರಿಸುಮಾರು 2 ಮೀಟರ್ ಹಿಗ್ಗಿ, ಅದರಲ್ಲಿನ ಎಳೆತ 4,740 ನ್ಯೂಟನ್ನಿನವರೆಗೆ ಏರುತ್ತದೆ. ತಾಳೆ ನೋಡಬೇಕೆನ್ನುವವರು ಹೀಗೆ ನೋಡಬಹುದು. ದೇಹ ಇಳಿದ ಒಟ್ಟು ಎತ್ತರ 4 ಮೀಟರ್ ಬೀಳುವಿಕೆ, 2 ಮೀಟರ್ ಹಿಗ್ಗುವಿಕೆ ಸೇರಿ 6 ಮೀಟರ್. ಕಳೆದುಕೊಂಡ ಪ್ರಚ್ಛನ್ನಶಕ್ತಿ 80 × 9.8 × 6, ಎಂದರೆ ಸುಮಾರು 4,700 ಜೂಲ್. ಹಗ್ಗದ ಎಳೆತ ಸೊನ್ನೆಯಿಂದ 4,740 ನ್ಯೂಟನ್ನಿಗೆ ಏರಿದುದರಿಂದ ಅದರ ಸರಾಸರಿ 2,370. ಇದನ್ನು 2 ಮೀಟರಿನಿಂದ ಗುಣಿಸಿದರೆ ಬರುವುದೂ ಸುಮಾರು 4,700 ಜೂಲ್. ಜಮಾ ಖರ್ಚು ಸರಿಹೋಯಿತು.

ಇಲ್ಲಿ ಒಂದು ಸೋಜಿಗವಿದೆ. ಮೇಲಿನ ಎಲ್ಲ ಅಳತೆಗಳನ್ನೂ ಎರಡು ಮಡಿ ಮಾಡಿ ನೋಡಿರಿ: 20 ಮೀಟರ್ ಹಗ್ಗ, 8 ಮೀಟರ್ ಬೀಳು. ದೇಹದ ಶಕ್ತಿ ಇಮ್ಮಡಿಯಾಯಿತು. ಅದನ್ನು ನುಂಗಬೇಕಾದ ಹಗ್ಗವೂ ಇಮ್ಮಡಿಯಾಯಿತು. ಆದಕಾರಣ ಎಳೆತ ಮಾತ್ರ ಹಿಂದಿನಷ್ಟೇ! ಆರೋಹಿಯ ಮೇಲೆ ಬೀಳುವ ಬಲವನ್ನು ನಿರ್ಧರಿಸುವುದು ಅವನು ಎಷ್ಟು ಮೀಟರ್ ಬಿದ್ದನೆಂಬುದಲ್ಲ; ಬಿದ್ದ ದೂರಕ್ಕೂ ಬಳಕೆಯಲ್ಲಿದ್ದ ಹಗ್ಗದ ಉದ್ದಕ್ಕೂ ಇರುವ ನಿಷ್ಪತ್ತಿ. ಇದನ್ನು ಬೀಳಿನ ಗುಣಾಂಕವೆನ್ನಬಹುದು. ನಮ್ಮ ಉದಾಹರಣೆಯಲ್ಲಿ ಅದು 0.4. ನಡುವೆ ಕೊಂಡಿಯೇ ಇಲ್ಲದೆ, ಸಂಗಾತಿ ನಿಂತ ನೆಲೆಗಿಂತ ಕೆಳಕ್ಕೆ ಬಿದ್ದರೆ ಅದು 2ರವರೆಗೆ ಹೋಗಬಹುದು; ಅದಕ್ಕಿಂತ ಹೆಚ್ಚಾಗುವಂತಿಲ್ಲ. ಅಮೆರಿಕದ ಆರ್ನಲ್ಡ್ ವೆಕ್ಸ್ಲರ್ 1950ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಲೆಕ್ಕವನ್ನು ಆರೋಹಿಗಳ ಮುಂದಿಟ್ಟರು. ಅದುವರೆಗೆ ಅನುಭವ, ಊಹೆ, ಕೆಲವೊಮ್ಮೆ ಬರಿಯ ಧೈರ್ಯ, ಇವುಗಳಿಂದ ನಡೆಯುತ್ತಿದ್ದ ವ್ಯವಹಾರಕ್ಕೆ ಗಣಿತದ ಆಸರೆ ದೊರೆಯಿತು.

ಇದೇ ಸೂತ್ರದಿಂದ ಇನ್ನೊಂದು ಮಾತೂ ಹೊರಡುತ್ತದೆ. ಹಗ್ಗದ ಬಿಗಿತ ನೂರು ಮಡಿಯಾದರೆ ಎಳೆತ ಹತ್ತಿರ ಹತ್ತಿರ ಹತ್ತು ಮಡಿಯಾಗುತ್ತದೆ. ಉಕ್ಕಿನ ತಂತಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಬಿದ್ದವನು, ಹಗ್ಗ ಹರಿಯದಿದ್ದರೂ, ಬದುಕಿ ಉಳಿಯಲಾರನು. ಮೆತ್ತಗಿರುವುದೇ ಇಲ್ಲಿ ಬಲ.

ಮನುಷ್ಯದೇಹ ಎಷ್ಟು ಎಳೆತವನ್ನು ತಾಳಬಲ್ಲದು? ಪ್ಯಾರಾಶೂಟಿನಿಂದ ಧುಮುಕುವ ಸೈನಿಕರ ಮೇಲೆ ನಡೆದ ಅಧ್ಯಯನಗಳನ್ನು ಆಧರಿಸಿ, ಕ್ಷಣಕಾಲಕ್ಕೆ 12 ಕಿಲೋನ್ಯೂಟನ್ ಎಂಬ ಮಿತಿಯನ್ನು ಗೊತ್ತುಮಾಡಿದ್ದಾರೆ. (ಒಂದು ಕಿಲೋನ್ಯೂಟನ್ ಎಂದರೆ ಸುಮಾರು 102 ಕಿಲೋಗ್ರಾಂ ತೂಕವನ್ನು ತೂಗುಹಾಕಿದಾಗ ಬೀಳುವ ಬಲ.) ಹಗ್ಗದ ಪರೀಕ್ಷೆಯಲ್ಲಿ 80 ಕಿಲೋಗ್ರಾಂ ಭಾರವನ್ನು 1.7ಕ್ಕಿಂತ ತುಸು ಹೆಚ್ಚಿನ ಗುಣಾಂಕದೊಡನೆ ಬೀಳಿಸಿದಾಗ ಮೊದಲ ಬೀಳಿನ ಎಳೆತ ಈ 12ನ್ನು ಮೀರಕೂಡದು. ಹಗ್ಗದ ಮೇಲಿನ ಕಟ್ಟಳೆ ಇದು. ಕೊಂಡಿಯ ಮೇಲಿನ ಕಟ್ಟಳೆಯಾದರೋ ಇದಕ್ಕಿಂತ ಬಿರುಸು. ಯುರೋಪಿನ ಮಾನದಂಡದ ಪ್ರಕಾರ, ಕದ ಮುಚ್ಚಿರುವ ಕೊಂಡಿಯನ್ನು ಉದ್ದುದ್ದಕ್ಕೆ ಎಳೆದಾಗ ಅದು 20 ಕಿಲೋನ್ಯೂಟನ್ ತಾಳಬೇಕು. ಮನುಷ್ಯನಿಗೆ 12 ಸಾಕಾದರೆ ಕೊಂಡಿಗೆ 20 ಏಕೆ?

ಇದಕ್ಕೆ ಉತ್ತರವನ್ನು ಬಾವಿಯ ರಾಟೆಯಲ್ಲಿ ಹುಡುಕಬೇಕು. ರಾಟೆಯ ಒಂದು ಕಡೆ ತುಂಬಿದ ಕೊಡ, ಇನ್ನೊಂದು ಕಡೆ ಸೇದುವವರ ಕೈ. ರಾಟೆಯನ್ನು ಹೊತ್ತ ಅಡ್ಡಪಟ್ಟಿಯ ಮೇಲೆ ಬೀಳುವುದು ಕೊಡದ ಭಾರವಷ್ಟೆ ಅಲ್ಲ. ಎಳೆಯುವ ಕೈಯ ಬಲವೂ ಕೂಡ. ಬಿದ್ದ ಮುಂದಾಳನ್ನು ಹಿಡಿದ ಕಡೆಯ ಕೊಂಡಿಯೂ ಹಾಗೆಯೇ ಒಂದು ರಾಟೆಯಾಗುತ್ತದೆ. ಅದರ ಒಂದು ಪಕ್ಕದಲ್ಲಿ ಬಿದ್ದವನ ಎಳೆತ, ಇನ್ನೊಂದು ಪಕ್ಕದಲ್ಲಿ ಸಂಗಾತಿಯ ಕಡೆಯ ಎಳೆತ. ತಿರುಗುವ ಗಾಲಿ ಇಲ್ಲದಿರುವುದರಿಂದ ಹಗ್ಗ ಲೋಹಕ್ಕೆ ಉಜ್ಜುತ್ತದೆ. ಘರ್ಷಣೆಯು ಒಂದಿಷ್ಟನ್ನು ತಾನೇ ಹೊರುತ್ತದೆ. ಆದುದರಿಂದ ಸಂಗಾತಿಯ ಕಡೆಯ ಎಳೆತ ಬಿದ್ದವನ ಕಡೆಯ ಎಳೆತದ ಮೂರರಲ್ಲೆರಡು ಪಾಲಿನಷ್ಟಿರುತ್ತದೆ. ಒಂದು ಕಡೆ 12 ಇದ್ದರೆ ಇನ್ನೊಂದು ಕಡೆ 8, ಕೂಡಿಸಿದರೆ 20. ಕೊಂಡಿಯ ಬೆನ್ನಿನ ಮೇಲೆ ಅಚ್ಚೊತ್ತಿದ ಸಂಖ್ಯೆಯ ಹಿಂದೆ ಇಷ್ಟು ದೊಡ್ಡ ಕಥೆಯಿದೆ.

ಬೆನ್ನಿನ ಮೇಲೆ ಒಂದಲ್ಲ, ಮೂರು ಸಂಖ್ಯೆಗಳಿರುತ್ತವೆ. ಮೊದಲನೆಯದು ಈಗ ಹೇಳಿದ್ದು. ಎರಡನೆಯದು ಕೊಂಡಿಯನ್ನು ಅಡ್ಡಡ್ಡಲಾಗಿ ಎಳೆದಾಗಿನ ಬಲ: ಕನಿಷ್ಠ 7 ಕಿಲೋನ್ಯೂಟನ್. ಮೂರನೆಯದು ಕದ ತೆರೆದಿರುವಾಗ ಉದ್ದುದ್ದಕ್ಕೆ ಎಳೆದರೆ ತಾಳುವ ಬಲ; ಸಾಮಾನ್ಯ ಕೊಂಡಿಗೆ ಇದೂ ಕನಿಷ್ಠ 7. ನಾವು ಹೆಚ್ಚು ಗಮನವಿಡಬೇಕಾದುದು ಈ ಮೂರನೆಯದರ ಮೇಲೆ. ಮೇಲಿನ ಉದಾಹರಣೆಗೆ ಹಿಂದಿರುಗಿರಿ. ಅಲ್ಲಿ ಬಿದ್ದವನ ಕಡೆಯ ಎಳೆತ 4.74. ಅದಕ್ಕೆ ಅದರದೇ ಮೂರರಲ್ಲೆರಡು ಪಾಲನ್ನು ಕೂಡಿಸಿದರೆ 7.9 ಕಿಲೋನ್ಯೂಟನ್. ಕದ ಮುಚ್ಚಿದ್ದ ಪಕ್ಷದಲ್ಲಿ ಕೊಂಡಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಆ ಒಂದು ಕ್ಷಣದಲ್ಲಿ ಕದ ತೆರೆದಿದ್ದರೆ? ಕೇವಲ 4 ಮೀಟರಿನ ಬೀಳು, ಆರೋಹಿಗಳು ಮತ್ತೆ ಮತ್ತೆ ಬಿದ್ದು ನಗುತ್ತ ಏಳುವಂಥದು, ಕೊಂಡಿಯನ್ನು ಮುರಿಯಬಲ್ಲದು. ನಿಜವಾಗಿ ಸಂಗಾತಿಯ ದೇಹ ಮೇಲಕ್ಕೆ ಎಳೆಯಲ್ಪಡುವುದರಿಂದಲೂ ಅವನ ಕೈಯಲ್ಲಿ ಹಗ್ಗ ಒಂದಿಷ್ಟು ಜಾರುವುದರಿಂದಲೂ ಎಳೆತ ನಮ್ಮ ಲೆಕ್ಕಕ್ಕಿಂತ ಸಾಮಾನ್ಯವಾಗಿ ಕಡಮೆಯಾಗಿರುತ್ತದೆ. ಆದರೂ ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರವಿರುವುದು ಎದೆ ನಡುಗಿಸುವ ಸಂಗತಿ.

ಸಣ್ಣದೊಂದು ಕದ ಮುಚ್ಚಿದ್ದರೆ 20, ತೆರೆದರೆ 7. ಕದದ ಸರಳು ಸಾಮಾನ್ಯವಾಗಿ ಬೆನ್ನಿಗಿಂತ ತೆಳು. ಅಂಥದು ಮೂರರಲ್ಲೆರಡು ಪಾಲು ಬಲವನ್ನು ಕೊಡುವುದೆಂತು?

ಒಂದು ಕಡ್ಡಿಯನ್ನು ತುದಿಗಳಲ್ಲಿ ಹಿಡಿದು ನೇರವಾಗಿ ಎಳೆದು ಹರಿಯಲು ಯತ್ನಿಸಿರಿ, ಆಗದು. ಬಾಗಿಸಿರಿ, ಪಟ್ಟನೆ ಮುರಿಯುತ್ತದೆ. ತೆರೆದ ಕೊಂಡಿಯೆಂದರೆ ಬರಿಯ ಕೊಕ್ಕೆ. ಹಗ್ಗದ ಎಳೆತ ಕೊಕ್ಕೆಯ ಬೆನ್ನಿನ ನಡುಗೆರೆಯಲ್ಲಿ ಹಾಯುವುದಿಲ್ಲ, ಅದರ ಪಕ್ಕದಲ್ಲಿ ಹಾಯುತ್ತದೆ. ಬೆನ್ನಿನ ಸರಳಿನ ವ್ಯಾಸ 10 ಮಿಲಿಮೀಟರ್, ಹಗ್ಗದ ವ್ಯಾಸವೂ 10 ಮಿಲಿಮೀಟರ್ ಎಂದು ಎಣಿಸಿದರೆ, ಹಗ್ಗವು ಬೆನ್ನಿಗೆ ತಾಗಿಯೇ ಕುಳಿತರೂ ಎರಡರ ನಡುಗೆರೆಗಳ ನಡುವೆ 10 ಮಿಲಿಮೀಟರ್ ಅಂತರ ಇದ್ದೇ ಇರುತ್ತದೆ. ಈ ಅಂತರವೇ ಸನ್ನೆಗೋಲಾಗಿ ಬೆನ್ನನ್ನು ಬಾಗಿಸುತ್ತದೆ. ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಬಲಕ್ಕೆ ಪೀಡನವೆಂದು ಹೆಸರಷ್ಟೆ. ನೇರ ಎಳೆತದಿಂದ ಬೆನ್ನಿನಲ್ಲಿ ಉಂಟಾಗುವ ಪೀಡನ 1 ಆದರೆ, ಈ ಬಾಗುವಿಕೆಯಿಂದ ಬೆನ್ನಿನ ಒಳಮೈಯಲ್ಲಿ ಉಂಟಾಗುವ ಪೀಡನ 8! ಲೋಹ ಸೋಲುವುದು ಎಳೆತಕ್ಕಲ್ಲ, ಬಾಗುವಿಕೆಗೆ.

ಕದ ಮುಚ್ಚಿದೊಡನೆ ಕೊಕ್ಕೆಯು ಬಳೆಯಾಗುತ್ತದೆ. ಆದರೆ ಕದವು ಬಾಯಿಗೆ ಬರಿದೆ ತಾಗಿದ್ದರೆ ಬಳೆಯಾಗದು. ಅದು ಅಲ್ಲಿ ಸಿಕ್ಕಿಕೊಳ್ಳಬೇಕು. ಆರೋಹಿಯ ಕೊಂಡಿಯ ಮೂಗನ್ನು, ಎಂದರೆ ಕದ ಬಂದು ತಾಗುವ ತುದಿಯನ್ನು, ಪರೀಕ್ಷಿಸಿ ನೋಡಿರಿ. ಅಲ್ಲಿ ಒಂದು ಹಲ್ಲೋ ಗಾಡಿಯೋ ಇರುತ್ತದೆ. ಕದದ ತುದಿಯ ಅಡ್ಡಮೊಳೆ ಇಲ್ಲವೆ ಅದಕ್ಕೆ ಹೊಂದುವ ಕೊರೆತ ಅದರೊಳಗೆ ಕೂರುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ಸಂದು ಉಂಟು. ಹಾಗಿದ್ದುದರಿಂದಲೇ ಕದ ಸರಾಗವಾಗಿ ಆಡುತ್ತದೆ. ಭಾರ ಬಿದ್ದಾಗ ಬೆನ್ನು ತುಸುವೇ ಬಾಗುತ್ತದೆ, ಮೂಗು ತುಸುವೇ ಮುಂದಕ್ಕೆ ಸರಿಯುತ್ತದೆ, ಸಂದು ಮುಚ್ಚಿಹೋಗುತ್ತದೆ, ಹಲ್ಲು ಕಚ್ಚುತ್ತದೆ. ಆ ಬಳಿಕ ಮೂಗು ಇನ್ನಷ್ಟು ಸರಿಯಬೇಕಾದರೆ ಕದವನ್ನೇ ಎಳೆದು ಹರಿಯಬೇಕು. ಕದವು ಭಾರದ ದೊಡ್ಡ ಪಾಲನ್ನು ಹೊರುವುದೆಂದಲ್ಲ. ಬೆನ್ನನ್ನು ಬಾಗಲು ಬಿಡುವುದಿಲ್ಲ, ಅಷ್ಟೆ. ಬಾಗದ ಬೆನ್ನು ತನ್ನ ಪೂರ್ಣ ಶಕ್ತಿಯಿಂದ ಎಳೆತವನ್ನು ಎದುರಿಸಬಲ್ಲದು. ಹಿಂದಿನ ಕಾಲದ ಕೊಂಡಿಗಳು ಮೊಟ್ಟೆಯಾಕಾರದವಾಗಿದ್ದು, ಭಾರ ಬೆನ್ನಿಗೂ ಕದಕ್ಕೂ ಸಮನಾಗಿ ಹಂಚಿಹೋಗುತ್ತಿತ್ತು. ಈಗಿನವು ಬಿಲ್ಲಿನಂತೆ ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಉಬ್ಬಾಗಿ ಇರುವುದಕ್ಕೆ ಕಾರಣ, ಹಗ್ಗವು ತಾನಾಗಿ ಜಾರಿ ಬೆನ್ನಿನ ಮಗ್ಗುಲಿಗೆ ಸೇರಲೆಂಬುದು.

ಭಾರ ಬೀಳುವ ಕ್ಷಣದಲ್ಲಿಯೇ ಕದ ಏಕೆ ತೆರೆದೀತು ಎಂದು ಕೇಳಬಹುದು. ಯಾರೂ ತೆರೆಯಬೇಕಾಗಿಲ್ಲ, ಜಡತ್ವ ತೆರೆಯುತ್ತದೆ. ಬೀಳುವವನ ಹಗ್ಗವು ಕೊಂಡಿಯನ್ನು ಸೆಳೆದು ಅದರ ಬೆನ್ನನ್ನು ಬಂಡೆಗೆ ಅಪ್ಪಳಿಸಿತೆನ್ನಿ. ಕೊಂಡಿ ನಿಂತಿತು, ಕದ ನಿಲ್ಲಲಿಲ್ಲ. ಬಸ್ಸು ತಟ್ಟನೆ ನಿಂತಾಗ ನಿಂತಿರುವ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವಂತೆ ಕದವೂ ತನ್ನ ಚಲನೆಯನ್ನು ಮುಂದುವರಿಸಿ, ಸ್ಪ್ರಿಂಗನ್ನು ಒತ್ತಿ ಒಳಕ್ಕೆ ತೆರೆದುಕೊಳ್ಳುತ್ತದೆ. ಸೆಕೆಂಡಿನ ಸಣ್ಣದೊಂದು ಭಾಗದಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹಗ್ಗವು ರಭಸದಿಂದ ಹರಿಯುವಾಗ ಕೊಂಡಿ ನಡುಗುವುದರಿಂದಲೂ ಕದ ಹೀಗೆ ಪಟಪಟಿಸುವುದುಂಟು. ಬಂಡೆಯ ಉಬ್ಬು ಕದವನ್ನು ಒತ್ತಿಹಿಡಿಯುವುದೂ ಉಂಟು.

ಜಡತ್ವದ ಕಾಟಕ್ಕೆ ಮದ್ದೇನು? ಸ್ಪ್ರಿಂಗನ್ನು ಬಿರುಸು ಮಾಡಬಹುದು. ಆದರೆ ದಣಿದ ಬೆರಳಿಗೆ ಅದು ತೆರೆಯದಾದೀತು. ಕದದ ದ್ರವ್ಯರಾಶಿಯನ್ನೇ ಕಡಮೆ ಮಾಡುವುದು ಜಾಣತನ. 1990ರ ದಶಕದಲ್ಲಿ ಸರಳಿನ ಕದಕ್ಕೆ ಬದಲಾಗಿ ಮಡಿಸಿದ ಉಕ್ಕಿನ ತಂತಿಯ ಕದವುಳ್ಳ ಕೊಂಡಿಗಳು ಆರೋಹಿಗಳ ಬಳಕೆಗೆ ಬಂದವು. ಹೊಸಬರಿಗೆ ಈ ತಂತಿ ಕೃಶವಾಗಿ ಕಂಡು ಅಂಜಿಕೆ ಹುಟ್ಟಿಸುತ್ತದೆ. ಹಗುರವಾಗಿರುವುದೇ ಅದರ ಗುಣ. ಹಗುರವಾದುದರಿಂದ ಅದು ಅಷ್ಟಾಗಿ ಪಟಪಟಿಸದು. ಅದರಲ್ಲಿ ಬೇರೆ ಸ್ಪ್ರಿಂಗು ಸಹ ಇಲ್ಲ. ತಂತಿಯ ಎರಡು ತುದಿಗಳನ್ನು ಕೊಂಡಿಯ ಎರಡು ಮಗ್ಗುಲುಗಳಲ್ಲಿ ಒಂದೇ ನೇರದಲ್ಲಿ ಕೂರಿಸದೆ, ಒಂದನ್ನು ಕೊಂಚ ಮೇಲೆ ಇನ್ನೊಂದನ್ನು ಕೊಂಚ ಕೆಳಗೆ ಕೂರಿಸಿರುತ್ತಾರೆ. ಕದವನ್ನು ಒತ್ತಿದಾಗ ತಂತಿಯೇ ತಿರುಚಿಕೊಂಡು, ಬಿಟ್ಟಾಗ ತನ್ನ ಸ್ಥಿತಿಸ್ಥಾಪಕತ್ವದಿಂದ ಹಿಂದಿರುಗುತ್ತದೆ. ಇಂಥ ಸರಳ ಉಪಾಯಗಳನ್ನು ಕಂಡಾಗ ನಮಗೆ ದೊಡ್ಡ ದೊಡ್ಡ ಸೇತುವೆಗಳನ್ನು ಕಂಡಷ್ಟೇ ಸಂತೋಷವಾಗುತ್ತದೆ. ಇಡೀ ಜೀವ ಒಂದೇ ಕೊಂಡಿಯನ್ನು ನೆಚ್ಚಿರುವ ಕಡೆ ಮಾತ್ರ ಕದದ ಮೇಲೆ ತಿರುಪಿನ ತೋಳಿರುವ ಕೊಂಡಿಯನ್ನು ಬಳಸುತ್ತಾರೆ. ಅದು ಕೈಗೆ ಸಿಗದಿದ್ದರೆ ಎರಡು ಸಾಮಾನ್ಯ ಕೊಂಡಿಗಳನ್ನು, ಒಂದರ ಕದ ಇನ್ನೊಂದರದಕ್ಕೆ ವಿರುದ್ಧವಾಗಿ ತೆರೆಯುವಂತೆ, ಜೋಡಿಯಾಗಿ ಹಾಕುತ್ತಾರೆ.

ಇನ್ನು ಲೋಹದ ವಿಚಾರ. ಮೊದಲ ಕೊಂಡಿಗಳು ಉಕ್ಕಿನವು. ಹತ್ತಾರು ಕೊಂಡಿಗಳನ್ನು ಸೊಂಟಕ್ಕೆ ತಗುಲಿಸಿಕೊಂಡು ಏರುವವನಿಗೆ ಪ್ರತಿಯೊಂದು ಗ್ರಾಮೂ ಹೊರೆಯೇ. ದ್ವಿತೀಯ ಮಹಾಯುದ್ಧದ ಆಸುಪಾಸಿನಲ್ಲಿ ಫ್ರಾನ್ಸಿನ ಪಿಯೇರ್ ಆಲೆನ್ ಮೊದಲಾದವರು ಅಲ್ಯೂಮಿನಿಯಂ ಮಿಶ್ರಲೋಹದ ಕೊಂಡಿಗಳನ್ನು ತಯಾರಿಸಿದರು. ಅಲ್ಯೂಮಿನಿಯಂ! ಅಡುಗೆಮನೆಯ ಪಾತ್ರೆಗೆ ಬಳಸುವ, ಬಿದ್ದರೆ ತಗ್ಗಾಗುವ ಮೆದುಲೋಹ. ಅದು ಉಕ್ಕಿನ ಜಾಗದಲ್ಲಿ ನಿಂತ ಬಗೆ ಹೇಗೆ?

1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹವಿಜ್ಞಾನಿಯು ತಾಮ್ರ ಮತ್ತು ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ತುಂಡೊಂದನ್ನು ಚೆನ್ನಾಗಿ ಕಾಯಿಸಿ ನೀರಿನಲ್ಲಿ ಅದ್ದಿದನು. ಉಕ್ಕಾಗಿದ್ದರೆ ಕೂಡಲೇ ಗಡುಸಾಗುತ್ತಿತ್ತು. ಇದು ಅಷ್ಟಾಗಿ ಆಗಲಿಲ್ಲ. ವಾರದ ಕೊನೆಯ ರಜೆ ಬಂದಿತು. ರಜೆ ಕಳೆದು ಮತ್ತೆ ಅಳೆದಾಗ ಅದೇ ತುಂಡು, ಯಾರೂ ಮುಟ್ಟದೆಯೇ, ಎಷ್ಟೋ ಹೆಚ್ಚು ಗಡುಸಾಗಿದ್ದಿತು! ಲೋಹವೂ ಮಾಗುತ್ತದೆ ಎಂಬ ವಿಷಯ ಹೀಗೆ ಬೆಳಕಿಗೆ ಬಂದಿತು. ಕಾರಣ ತಿಳಿದದ್ದು ಬಹಳ ತಡವಾಗಿ. 1938ರಲ್ಲಿ ಫ್ರಾನ್ಸಿನ ಗಿನಿಯೇ ಮತ್ತು ಇಂಗ್ಲೆಂಡಿನ ಪ್ರೆಸ್ಟನ್, ಒಬ್ಬರನ್ನೊಬ್ಬರು ಅವಲಂಬಿಸದೆ, ಕ್ಷಕಿರಣಗಳ ಮೂಲಕ ಅದನ್ನು ಕಂಡುಹಿಡಿದರು.

ಬಿಸಿಯಾದ ಸಕ್ಕರೆಪಾಕ ತಣ್ಣಗಾದಂತೆ ಸಕ್ಕರೆ ಹರಳುಗಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಬಿಸಿ ಪಾಕ ಹಿಡಿದಿಟ್ಟುಕೊಳ್ಳುವಷ್ಟು ಸಕ್ಕರೆಯನ್ನು ತಣ್ಣನೆಯ ಪಾಕ ಹಿಡಿದಿಡಲಾರದು. ಕಾದ ಅಲ್ಯೂಮಿನಿಯಂ ಸಹ ಹೀಗೆಯೇ, ಗಟ್ಟಿಯಾಗಿದ್ದುಕೊಂಡೇ, ಬೇರೆ ಲೋಹಗಳ ಪರಮಾಣುಗಳನ್ನು ಹೆಚ್ಚಾಗಿ ಕರಗಿಸಿಕೊಳ್ಳುತ್ತದೆ. ತಟ್ಟನೆ ತಣಿಸಿದರೆ ಹರಳುಗಟ್ಟಲು ಅವಕ್ಕೆ ಸಮಯವೇ ಸಿಗದು, ಇದ್ದಲ್ಲಿಯೇ ಸಿಕ್ಕಿಬೀಳುತ್ತವೆ. ಬಳಿಕ ಮೆಲ್ಲಮೆಲ್ಲನೆ ಸರಿದು ಗುಂಪುಗೂಡುತ್ತವೆ. ಸೂಕ್ಷ್ಮದರ್ಶಕಕ್ಕೂ ಕಾಣದ ಈ ಕೋಟ್ಯಂತರ ಗುಂಪುಗಳು ಸ್ಫಟಿಕದ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯೊಡ್ಡುತ್ತವೆ. ಲೋಹ ಬಾಗುವುದೆಂದರೆ ಪದರಗಳು ಜಾರುವುದೇ. ಜಾರಲು ಬಿಡದಿದ್ದರೆ ಅದು ಬಲವಾಯಿತು.

ಇಂದಿನ ಕೊಂಡಿಗಳ ಮಿಶ್ರಲೋಹವನ್ನು ಅದರ ಸಂಖ್ಯೆಯಿಂದ 7075 ಎಂದು ಕರೆಯುತ್ತಾರೆ. ಅದರಲ್ಲಿ ನೂರಕ್ಕೆ ಸುಮಾರು 5.6 ಪಾಲು ಸತು, 2.5 ಪಾಲು ಮೆಗ್ನೀಸಿಯಂ, 1.6 ಪಾಲು ತಾಮ್ರ. ಯುದ್ಧವಿಮಾನಗಳಿಗಾಗಿ ಹುಟ್ಟಿದ ಲೋಹವಿದು. ಸರಳನ್ನು ಬಾಗಿಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿ ರೂಪಕೊಟ್ಟ ಮೇಲೆ, ಸುಮಾರು 480 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ ತಣಿಸಿ, ಅನಂತರ 120 ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಮಾಗಿಸುತ್ತಾರೆ. ಆಗ ಅದರ ಬಲ ಶುದ್ಧ ಅಲ್ಯೂಮಿನಿಯಂನ ಬಲಕ್ಕಿಂತ 10 ಮಡಿಗೂ ಹೆಚ್ಚಾಗುತ್ತದೆ. ಸಾಂದ್ರತೆಯೋ 2.8, ಉಕ್ಕಿನದು 7.85. ಉಕ್ಕಿನ ಕೊಂಡಿ ಸಾಮಾನ್ಯವಾಗಿ 150 ಗ್ರಾಂಗಿಂತ ಹೆಚ್ಚು ತೂಗಿದರೆ, ತಂತಿಯ ಕದದ ಅಲ್ಯೂಮಿನಿಯಂ ಕೊಂಡಿಗಳಲ್ಲಿ 30 ಗ್ರಾಂ ಸುಮಾರಿನವೂ ಇವೆ. ಒಂದು ಕೋಳಿಮೊಟ್ಟೆ ಅದಕ್ಕಿಂತ ಭಾರ. ಆ 30 ಗ್ರಾಂ 2 ಟನ್ನನ್ನು ಹೊರುತ್ತದೆ.

ಈಗ ನಮ್ಮ ವಿದ್ಯಾರ್ಥಿಯ ನೀಲಿ ಕೊಂಡಿಯನ್ನು ಕೈಗೆತ್ತಿಕೊಳ್ಳಬಹುದು. ಅದರ ಸರಳಿನ ವ್ಯಾಸ 5 ಮಿಲಿಮೀಟರ್. ವ್ಯಾಸ ಅರ್ಧವಾದರೆ ಎಳೆತವನ್ನು ತಾಳುವ ಶಕ್ತಿ ನಾಲ್ಕರಲ್ಲೊಂದಾಗುತ್ತದೆ. ಬಾಗುವಿಕೆಯನ್ನು ತಾಳುವ ಶಕ್ತಿಯಾದರೋ ಎಂಟರಲ್ಲೊಂದು. ಲೋಹವು ಮಾಗಿಸಿದ ಮಿಶ್ರಲೋಹವಲ್ಲ, ಮೆದು ಅಲ್ಯೂಮಿನಿಯಂ. ಇವೆರಡಕ್ಕಿಂತಲೂ ಮುಖ್ಯವಾದ ದೋಷ ಇನ್ನೊಂದಿತ್ತು. ಅದರ ಮೂಗಿನಲ್ಲಿ ಹಲ್ಲೇ ಇಲ್ಲ. ಕದವು ಮೂಗಿಗೆ ಬರಿದೆ ಒರಗಿ ನಿಂತಿದ್ದಿತು. ಎಂದಮೇಲೆ, ನೋಟಕ್ಕೆ ಅದು ಮುಚ್ಚಿದ್ದರೂ ಬಲದ ದೃಷ್ಟಿಯಿಂದ ಸದಾ ತೆರೆದ ಕೊಕ್ಕೆಯೇ! ಪ್ರಯೋಗಶಾಲೆಯ ತೊಲೆಗೆ ಅದನ್ನು ತಗುಲಿಸಿ, ಕೆಳಗೆ ಬಕೀಟು ಕಟ್ಟಿ, ವಿದ್ಯಾರ್ಥಿಗಳಿಂದಲೇ ಮರಳು ಸುರಿಸಿದೆವು. ಬಕೀಟು ತುಂಬಿದ ಮೇಲೆ ತೂಕದ ಬಟ್ಟುಗಳನ್ನು ಕಟ್ಟಿಸಿದೆವು. 40 ಕಿಲೋಗ್ರಾಂ ಸಮೀಪಿಸಿದಾಗ ಮೂಗು ಕದವನ್ನು ಬಿಟ್ಟು ದೂರ ಸರಿಯಿತು, ಕೊಂಡಿ ಮೆಲ್ಲನೆ ನೆಟ್ಟಗಾಯಿತು, ಬಕೀಟು ನೆಲಕ್ಕೆ ಬಿದ್ದಿತು. ಕೊಂಡಿಯ ಒಡೆಯನ ತೂಕ 58 ಕಿಲೋಗ್ರಾಂ. ಬೀಳುವ ಮಾತಿರಲಿ, ಸುಮ್ಮನೆ ಜೋತಾಡಲೂ ಅದು ಸಾಲದು. ಬೀಗದ ಕೈಗೆ ಅದು ಧಾರಾಳವಾಗಿ ಸಾಕು. ಅದನ್ನು ಮಾಡಿದವರೂ ಬೇರೇನನ್ನೂ ಹೇಳಿರಲಿಲ್ಲ. ‘ಆರೋಹಣಕ್ಕಲ್ಲ’ ಎಂದು ಇಂಗ್ಲಿಷಿನಲ್ಲಿ ಅದರ ಮೈಮೇಲೆಯೇ ಅಚ್ಚಾಗಿತ್ತು, ನೀಲಿಬಣ್ಣದ ಕೆಳಗೆ, ಕಣ್ಣು ಕಿರಿದುಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ.

ಒಳ್ಳೆಯ ಕೊಂಡಿಯೂ ಚಿರಾಯುವಲ್ಲ. ಎತ್ತರದಿಂದ ಬಿದ್ದ ಕೊಂಡಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆಂಬ ನಂಬಿಕೆ ಆರೋಹಿಗಳಲ್ಲಿ ಬಹುಕಾಲದಿಂದ ಇದೆ. ಬೀಳಿಸಿದ ಕೊಂಡಿಗಳನ್ನು ಯಂತ್ರಕ್ಕೆ ಹಾಕಿ ಎಳೆದು ನೋಡಿದಾಗ ಬಲ ಗಮನಾರ್ಹವಾಗಿ ಕುಗ್ಗಿದುದು ಸಾಮಾನ್ಯವಾಗಿ ಕಂಡುಬಂದಿಲ್ಲ. ಆದರೂ ಬಿದ್ದು ಬಾಗಿದ, ಆಳವಾಗಿ ಗೀರು ಬಿದ್ದ, ಕದ ಸರಿಯಾಗಿ ಮುಚ್ಚದ ಕೊಂಡಿಯನ್ನು ಅವರು ಎಸೆಯುತ್ತಾರೆ, ಸರಿಯೇ. ಸಮುದ್ರತೀರದ ಉಪ್ಪು ಈ ಮಿಶ್ರಲೋಹಕ್ಕೆ ಇನ್ನೂ ದೊಡ್ಡ ಶತ್ರು. ಬಿಗಿದ ಸ್ಥಿತಿಯಲ್ಲಿ ಬಹುದಿನ ಉಪ್ಪಿನ ಗಾಳಿಗೆ ಸಿಕ್ಕಿದರೆ ಒಳಗೊಳಗೇ ಬಿರುಕು ಹರಿಯಬಹುದು.

ಎಲ್ಲಕ್ಕಿಂತ ವಿಚಿತ್ರವಾದುದು ಹಗ್ಗದಿಂದಲೇ ಆಗುವ ಸವಕಲು. ಮೆದುವಾದ ನೈಲಾನ್ ಗಡುಸಾದ ಲೋಹವನ್ನು ಸವೆಸೀತೆ? ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗಾಡಿಗಳನ್ನು ನೋಡಿದವರು ಹೀಗೆ ಕೇಳರು. ಹಗ್ಗದ ಎಳೆಗಳಲ್ಲಿ ಸೇರಿಕೊಂಡ ಮರಳಿನ ಕಣಗಳೇ ಅರದಂತೆ ಕೆಲಸ ಮಾಡುತ್ತವೆ. ಬಂಡೆಯಲ್ಲಿ ಕಾಯಮ್ಮಾಗಿ ಬಿಟ್ಟುಹೋದ ಕೊಂಡಿಗಳಲ್ಲಿ, ನೂರಾರು ಮಂದಿಯ ಹಗ್ಗ ಒಂದೇ ಜಾಗದಲ್ಲಿ ಹಾದುಹೋಗಿ, ಗಾಡಿ ಆಳವಾಗುತ್ತ ಅದರ ಅಂಚು ಚೂರಿಯಂತೆ ಹರಿತವಾಗುತ್ತದೆ. ಅಂಥ ಕೊಂಡಿಯ ಬಲ ಇನ್ನೂ ಸಾಕಷ್ಟು ಉಳಿದಿರಬಹುದು, ಕತ್ತರಿಸಿಹೋಗುವುದು ಹಗ್ಗ. ಹೀಗೆ ಹಗ್ಗಗಳು ಕತ್ತರಿಸಿದ ಪ್ರಸಂಗಗಳು ನಡೆದಿರುವುದರಿಂದ, ಕಾಯಮ್ಮಾಗಿ ಬಿಡುವ ಕಡೆಗಳಲ್ಲಿ ತೂಕದ ಚಿಂತೆ ಇಲ್ಲದಿರುವಾಗ, ಆರೋಹಿಗಳು ಮತ್ತೆ ಹಳೆಯ ಉಕ್ಕಿನ ಕೊಂಡಿಯನ್ನೇ ಹಾಕತೊಡಗಿದ್ದಾರೆ.